ಸರ್ಬಿಯಾದ ಚರ್ಚಿಗೆ ರಷ್ಯಾದ ಕೈಗಳು: ಆರ್ಥೊಡಾಕ್ಸ್ ವಾಸ್ತುಶಿಲ್ಪದ ಒಂದು ಕೂಡುಕೆಲಸ

ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ವ್ರಾಚಾರ್ ಎಂಬ ದಿಬ್ಬವಿದೆ. ಅದರ ಮೇಲೆ ನಿಂತಿರುವ ಸಂತ ಸಾವಾ ಚರ್ಚಿನ ಗುಮ್ಮಟದ ಒಳಮೈಯನ್ನು ಕ್ರಿಸ್ತನ ಸ್ವರ್ಗಾರೋಹಣವನ್ನು ತೋರಿಸುವ ಒಂದೇ ಮೊಸಾಯಿಕ್ ಚಿತ್ರ, ಅಂದರೆ ಬಣ್ಣದ ಗಾಜಿನ ಹರಳುಗಳನ್ನು ಜೋಡಿಸಿ ಮಾಡಿದ ಚಿತ್ರ, ತುಂಬಿಕೊಂಡಿದೆ. ಅದರ ವಿಸ್ತೀರ್ಣ 1230 ಚದರ ಮೀಟರು, ತೂಕ ಸುಮಾರು 40 ಟನ್ನು. ಚರ್ಚು ಸರ್ಬಿಯನ್ನರದು, ಅದು ನೆನೆಯುವ ಸಂತನೂ ಸರ್ಬಿಯದವನೇ. ಆದರೆ ಚಿತ್ರವನ್ನು ರೂಪಿಸಿದವರು ರಷ್ಯಾದ ಕಲಾವಿದರು, ಅದು ಸಿದ್ಧವಾದದ್ದು ಮಾಸ್ಕೋದಲ್ಲಿ, ಖರ್ಚು ಹೊತ್ತದ್ದು ಗ್ಯಾಸ್‌ಪ್ರೋಮ್ ನೆಫ್ಟ್ ಎಂಬ ರಷ್ಯಾದ ತೈಲ ಕಂಪನಿ. 2017ರ ಸೆಪ್ಟೆಂಬರಿನಿಂದ 2022ರ ಕೊನೆಯವರೆಗೆ ಭಾರತೀಯರು ವೀಸಾ ಇಲ್ಲದೆ ಸರ್ಬಿಯಾಕ್ಕೆ ಹೋಗಬಹುದಾಗಿದ್ದ ದಿನಗಳಲ್ಲಿ ಈ ಚರ್ಚು ನಮ್ಮ ಕಡೆಯ ಪ್ರವಾಸಿಗರ ಕಣ್ಣಿಗೂ ಬಿತ್ತು. 2025ರ ಜನವರಿಯಲ್ಲಿ ಅಮೆರಿಕ ಅದೇ ತೈಲ ಕಂಪನಿಯ ಮೇಲೂ ಸರ್ಬಿಯಾದಲ್ಲಿ ಅದರ ಪಾಲಿರುವ ಸಂಸ್ಥೆಯ ಮೇಲೂ ನಿರ್ಬಂಧ ಘೋಷಿಸಿದಾಗ, ಒಂದು ದೇಶದ ಚರ್ಚನ್ನು ಮತ್ತೊಂದು ದೇಶ ಏಕೆ ಅಲಂಕರಿಸಿತು ಎಂಬ ಪ್ರಶ್ನೆ ಇನ್ನೊಮ್ಮೆ ಎದ್ದಿತು.

ಈ ಪ್ರಶ್ನೆಗೆ ಉತ್ತರ ಇತ್ತೀಚಿನ ರಾಜಕಾರಣದಲ್ಲಷ್ಟೇ ಸಿಗುವುದಿಲ್ಲ. ನೂರು ವರ್ಷಗಳ ಹಿಂದೆ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದ ರಷ್ಯಾದ ವಾಸ್ತುಶಿಲ್ಪಿಗಳು ಬೆಲ್‌ಗ್ರೇಡಿನ ಸರ್ಕಾರಿ ಕಚೇರಿಗಳಲ್ಲಿ ಕುಳಿತು ಸರ್ಬಿಯಾದ ಚರ್ಚುಗಳ ನಕ್ಷೆ ಬರೆಯುತ್ತಿದ್ದರು. ಅವರು ಬರೆದ ನಕ್ಷೆಗಳಲ್ಲಿ ರಷ್ಯಾ ಎಷ್ಟು ಕಡಿಮೆ ಕಾಣುತ್ತದೆ ಎಂಬುದೇ ಈ ಸಹಕಾರದ ಅತ್ಯಂತ ಕುತೂಹಲಕರ ಸಂಗತಿ.

ಆರ್ಥೊಡಾಕ್ಸ್ ಚರ್ಚು ಎಂದರೇನು

ಕ್ರೈಸ್ತ ಧರ್ಮದ ಪೂರ್ವ ಶಾಖೆಯನ್ನು ಆರ್ಥೊಡಾಕ್ಸ್ ಎನ್ನುತ್ತಾರೆ. ಕ್ಯಾಥೊಲಿಕರಿಗೆ ಪೋಪ್ ಇರುವಂತೆ ಇವರಿಗೆ ಎಲ್ಲರ ಮೇಲೂ ಅಧಿಕಾರವಿರುವ ಒಬ್ಬ ಗುರುವಿಲ್ಲ. ಬಹುಮಟ್ಟಿಗೆ ಒಂದೊಂದು ನಾಡಿಗೂ ತನ್ನದೇ ಆಡಳಿತವಿರುವ ಸ್ವತಂತ್ರ ಧರ್ಮಸಭೆಯಿದೆ. ನಂಬಿಕೆ ಮತ್ತು ಪೂಜಾವಿಧಿಗಳು ಎಲ್ಲ ಕಡೆಯೂ ಒಂದೇ. ರಷ್ಯನ್ನರ ಪೂರ್ವಜರು 988ರಲ್ಲಿ ಕೀವ್‌ನ ಅರಸ ವ್ಲಾದಿಮಿರನ ಕಾಲದಲ್ಲಿ ಈ ಧರ್ಮಕ್ಕೆ ಬಂದರು. ಸರ್ಬಿಯಾದ ಧರ್ಮಸಭೆ 1219ರಲ್ಲಿ ಸ್ವತಂತ್ರವಾಯಿತು. ಅದನ್ನು ಸಾಧಿಸಿದವನು ರಾಜಕುಮಾರನಾಗಿ ಹುಟ್ಟಿ ಸನ್ಯಾಸಿಯಾದ ಸಾವಾ. ಎರಡೂ ನಾಡುಗಳು ಧರ್ಮವನ್ನೂ ಅದರ ಜೊತೆಗೆ ಕಟ್ಟಡ ಕಟ್ಟುವ ಕ್ರಮವನ್ನೂ ಪಡೆದದ್ದು ಒಂದೇ ಕಡೆಯಿಂದ, ಇಂದಿನ ಇಸ್ತಾಂಬುಲ್ ರಾಜಧಾನಿಯಾಗಿದ್ದ ಬೈಜಾಂಟಿಯಮ್ ಸಾಮ್ರಾಜ್ಯದಿಂದ.

ಈ ಕ್ರಮದ ಚರ್ಚಿನಲ್ಲಿ ಕೆಲವು ಅಂಶಗಳು ಬದಲಾಗುವುದಿಲ್ಲ. ಪೂರ್ವ ದಿಕ್ಕಿಗೆ ಗರ್ಭಗುಡಿ ಇರುತ್ತದೆ. ಅದಕ್ಕೂ ಭಕ್ತರು ನಿಲ್ಲುವ ಜಾಗಕ್ಕೂ ನಡುವೆ ಸಂತರ ಚಿತ್ರಗಳನ್ನು ಸಾಲುಸಾಲಾಗಿ ಜೋಡಿಸಿದ ಒಂದು ಅಡ್ಡಗೋಡೆ ಇರುತ್ತದೆ. ಅದಕ್ಕೆ ಐಕನೊಸ್ಟಾಸಿಸ್ ಎಂದು ಹೆಸರು, ಪೂಜೆಗೊಳ್ಳುವ ಆ ಚಿತ್ರಗಳಿಗೆ ಐಕಾನ್ ಎಂದು ಹೆಸರು. ನಡುವಿನ ಜಾಗದ ಮೇಲೆ ಗುಮ್ಮಟ ನಿಲ್ಲುತ್ತದೆ. ಮೂರ್ತಿಗಳನ್ನು ಇಟ್ಟು ಪೂಜಿಸುವ ರೂಢಿ ಇಲ್ಲವಾದ್ದರಿಂದ ಹೇಳಬೇಕಾದದ್ದನ್ನೆಲ್ಲ ಗೋಡೆ, ಕಮಾನು ಮತ್ತು ಗುಮ್ಮಟಗಳ ಮೇಲಿನ ಚಿತ್ರಗಳೇ ಹೇಳಬೇಕು. ಯಾವ ಚಿತ್ರ ಎಲ್ಲಿರಬೇಕೆಂಬುದಕ್ಕೂ ಕ್ರಮವಿದೆ: ಅತ್ಯಂತ ಎತ್ತರದಲ್ಲಿ ಕ್ರಿಸ್ತ, ಗರ್ಭಗುಡಿಯ ಮೇಲಿನ ಅರೆಗುಮ್ಮಟದಲ್ಲಿ ಸಾಮಾನ್ಯವಾಗಿ ಮೇರಿ, ಕೆಳಗೆ ಮನುಷ್ಯರ ಎತ್ತರಕ್ಕೆ ಸಂತರು. ಹೀಗಾಗಿ ಇಲ್ಲಿ ಚರ್ಚಿನ ವಿನ್ಯಾಸವೆಂದರೆ ಗೋಡೆ ಎಬ್ಬಿಸುವುದಷ್ಟೇ ಅಲ್ಲ. ಕಟ್ಟಡ ಮುಗಿದರೂ ಚಿತ್ರ ಮುಗಿಯದಿದ್ದರೆ ಚರ್ಚು ಅರ್ಧವೇ ಆದಂತೆ. ಸಹಕಾರದ ಮಾತು ಬಂದಾಗ ವಾಸ್ತುಶಿಲ್ಪಿಯ ಪಕ್ಕದಲ್ಲಿ ಚಿತ್ರಕಾರನನ್ನೂ ಎಣಿಸಬೇಕಾಗುವುದು ಈ ಕಾರಣಕ್ಕೆ.

ಚೌಕದ ಮೇಲೆ ದುಂಡು

ಗುಮ್ಮಟದ ಬುಡ ದುಂಡಗಿರುತ್ತದೆ, ಅದನ್ನು ಹೊರಬೇಕಾದ ಗೋಡೆಗಳು ಚೌಕಾಕಾರದಲ್ಲಿರುತ್ತವೆ. ಹಾಗಿದ್ದರೆ ನಾಲ್ಕು ಮೂಲೆಗಳಲ್ಲಿ ಗುಮ್ಮಟದ ಅಂಚಿಗೆ ಆಧಾರವೇನು? ವಿಜಯಪುರದ ಗೋಲಗುಮ್ಮಟದ ಒಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಈ ತೊಡಕು ಅರ್ಥವಾಗುತ್ತದೆ; ಅಲ್ಲಿ ಒಂದನ್ನೊಂದು ಹಾಯುವ ಕಮಾನುಗಳನ್ನು ಹೆಣೆದು ಚೌಕವನ್ನು ಮೆಲ್ಲಗೆ ದುಂಡಾಗಿಸಿದ್ದಾರೆ. ಬೈಜಾಂಟಿಯಮ್ಮಿನವರು ಸಾವಿರ ವರ್ಷ ಮೊದಲೇ ಇನ್ನೊಂದು ದಾರಿ ಹಿಡಿದಿದ್ದರು. ನಾಲ್ಕು ದೊಡ್ಡ ಕಮಾನುಗಳ ನಡುವೆ ಉಳಿಯುವ ಮೂಲೆಗಳನ್ನು ಅವರು ಒಳಕ್ಕೆ ಬಾಗಿದ ತ್ರಿಕೋನಾಕಾರದ ಕಟ್ಟಣೆಯಿಂದ ತುಂಬಿದರು. ಗುಮ್ಮಟದ ಭಾರ ಆ ತ್ರಿಕೋನಗಳ ಮೂಲಕ ಇಳಿದು ನಾಲ್ಕು ದಪ್ಪ ಕಂಬಗಳನ್ನು ಸೇರುತ್ತದೆ, ಕೆಳಗಿನ ಜಾಗ ತೆರವಾಗಿ ಉಳಿಯುತ್ತದೆ. 537ರಲ್ಲಿ ಮುಗಿದ ಹಾಗಿಯಾ ಸೋಫಿಯಾ ಈ ವಿಧಾನದ ದೊಡ್ಡ ಮಾದರಿ. ಮುಂದೆ ರಷ್ಯಾದಲ್ಲಾಗಲಿ ಸರ್ಬಿಯಾದಲ್ಲಾಗಲಿ ದೊಡ್ಡ ಚರ್ಚು ಕಟ್ಟಹೊರಟವರ ಕಣ್ಣಮುಂದೆ ಈ ಕಟ್ಟಡ ಇದ್ದೇ ಇರುತ್ತಿತ್ತು.

ಒಂದು ಬೇರು, ಎರಡು ಕೊಂಬೆ

ಮೂಲ ಒಂದೇ ಆದರೂ ಎರಡು ನಾಡುಗಳ ಚರ್ಚುಗಳು ಬೇರೆಬೇರೆಯಾಗಿ ಬೆಳೆದವು. ರಷ್ಯಾದಲ್ಲಿ ಗುಮ್ಮಟ ಎತ್ತರದ ಕೊರಳಿನ ಮೇಲೇರಿ ಈರುಳ್ಳಿಯ ಆಕಾರ ಪಡೆಯಿತು. 16ನೆಯ ಶತಮಾನದಲ್ಲಿ ಗುಮ್ಮಟವನ್ನೇ ಬಿಟ್ಟು ಗುಡಾರದಂತೆ ಚೂಪಾಗಿ ಏರುವ ಛಾವಣಿಯೂ ಬಂತು; ಮಾಸ್ಕೋ ಬಳಿಯ ಕೊಲೊಮೆನ್‌ಸ್ಕೊಯೆಯಲ್ಲಿ 1532ರಲ್ಲಿ ಮುಗಿದ ಚರ್ಚು ಅದಕ್ಕೆ ಪ್ರಸಿದ್ಧ ಉದಾಹರಣೆ.

ಸರ್ಬಿಯಾದಲ್ಲಿ ಮೂರು ಘಟ್ಟಗಳನ್ನು ಗುರುತಿಸುತ್ತಾರೆ. 12ನೆಯ ಶತಮಾನದ ಕೊನೆಯ ಸ್ಟುಡೆನಿಟ್ಸಾ ಮಠದಲ್ಲಿ ಗುಮ್ಮಟ ಬೈಜಾಂಟಿಯಮ್ಮಿನದು, ಆದರೆ ಅಮೃತಶಿಲೆಯ ಹೊರಗೋಡೆ ಮತ್ತು ಬಾಗಿಲ ಕೆತ್ತನೆ ಏಡ್ರಿಯಾಟಿಕ್ ಕರಾವಳಿಯ ಪಶ್ಚಿಮದ ಶೈಲಿಯವು. 1321ರ ಗ್ರಾಚಾನಿಟ್ಸಾದಲ್ಲಿ ಐದು ಗುಮ್ಮಟಗಳು ಒಂದರ ಬೆನ್ನಿಗೊಂದು ಏರುತ್ತ ಹೋಗುತ್ತವೆ. ಹೊರಗೋಡೆಯಲ್ಲಿ ಇಟ್ಟಿಗೆ ಮತ್ತು ಕಲ್ಲಿನ ಸಾಲುಗಳು ಬಣ್ಣದ ಪಟ್ಟೆಗಳಂತೆ ಕಾಣುತ್ತವೆ. 14ನೆಯ ಶತಮಾನದ ಕೊನೆಯ ಭಾಗದಲ್ಲಿ ಮೊರಾವಾ ನದಿಯ ಕಣಿವೆಯಲ್ಲಿ ಎದ್ದ ಚರ್ಚುಗಳಿಗೆ ಹಾಡುವವರು ನಿಲ್ಲಲೆಂದು ಎರಡು ಪಕ್ಕಗಳಲ್ಲೂ ಅರ್ಧವೃತ್ತದ ಕೋಣೆಗಳಿವೆ, ಕಿಟಕಿಗಳ ಸುತ್ತ ಹೆಣಿಗೆಯಂಥ ಕಲ್ಲಿನ ಕೆತ್ತನೆಯಿದೆ. 1459ರಲ್ಲಿ ಸರ್ಬಿಯಾ ಪೂರ್ತಿಯಾಗಿ ಒಟ್ಟೊಮನ್ ತುರ್ಕರ ವಶವಾದ ಮೇಲೆ ದೊಡ್ಡ ಕಟ್ಟಡಗಳ ಕಾಲ ಮುಗಿಯಿತು.

ಆ ಹಳೆಯ ಕಾಲದಲ್ಲೂ ಎರಡು ನಾಡುಗಳ ನಡುವೆ ಓಡಾಟವಿತ್ತು, ಆದರೆ ಆಗ ಕುಶಲಿಗಳು ಹೋಗುತ್ತಿದ್ದದ್ದು ದಕ್ಷಿಣದಿಂದ ಉತ್ತರಕ್ಕೆ. ರಷ್ಯಾದ ನೊವ್ಗೊರೊದ್ ಬಳಿಯ ಕೊವಲ್ಯೊವೊ ಚರ್ಚಿನಲ್ಲಿ 1380ರಲ್ಲಿ ಬರೆದ ಭಿತ್ತಿಚಿತ್ರಗಳು ಸರ್ಬಿಯಾದ ಮೊರಾವಾ ಚರ್ಚುಗಳ ಚಿತ್ರಗಳಿಗೆ ಎಷ್ಟು ಹತ್ತಿರವಾಗಿವೆಯೆಂದರೆ, ಸರ್ಬಿಯಾ ಇರುವ ಬಾಲ್ಕನ್ ಪ್ರದೇಶದ ಚಿತ್ರಕಾರರೇ ಅವನ್ನು ಬರೆದಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಪುಡಿಯಾದ ಆ ಚಿತ್ರಗಳ ಚೂರುಗಳನ್ನು ಬಳಿಕ ಹೆಕ್ಕಿ ಜೋಡಿಸಲು ದಶಕಗಳೇ ಹಿಡಿದವು. ಕಟ್ಟಡಕಲೆಗೆ ನೇರ ಸೇರದಿದ್ದರೂ ಇಲ್ಲಿಯೇ ಹೇಳಬಹುದಾದ ಇನ್ನೊಂದು ಸಂಗತಿಯಿದೆ: 1404ರಲ್ಲಿ ಮಾಸ್ಕೋದ ಕ್ರೆಮ್ಲಿನ್‌ನಲ್ಲಿ ಮೊದಲ ಯಂತ್ರಗಡಿಯಾರ ನಿಲ್ಲಿಸಿದವನು ಲಾಜರ್ ಎಂಬ ಸರ್ಬಿಯಾದ ಸನ್ಯಾಸಿ.

ಹಳೆಯ ಶೈಲಿ ಮತ್ತೆ ಬಂದದ್ದು

19ನೆಯ ಶತಮಾನದಲ್ಲಿ ಸರ್ಬಿಯಾ ಹಂತಹಂತವಾಗಿ ಸ್ವತಂತ್ರವಾದಾಗ, ತನ್ನದೆನ್ನುವಂಥ ಒಂದು ಚರ್ಚಿನ ರೂಪ ಅದಕ್ಕೆ ಬೇಕಾಯಿತು. ವಿಯೆನ್ನಾದಲ್ಲಿ ಥಿಯೊಫಿಲ್ ಹ್ಯಾನ್ಸೆನ್ ಎಂಬ ವಾಸ್ತುಶಿಲ್ಪಿಯ ಬಳಿ ಕಲಿತು ಬಂದ ಸರ್ಬಿಯಾದ ಯುವಕರು ಬೈಜಾಂಟಿಯಮ್ ರೂಪಗಳನ್ನು ಮತ್ತೆ ಬಳಕೆಗೆ ತಂದರು. ಮುಂದಿನ ತಲೆಮಾರು ಗ್ರಾಚಾನಿಟ್ಸಾ ಮತ್ತು ಮೊರಾವಾ ಚರ್ಚುಗಳನ್ನೇ ಅಳತೆ ಮಾಡಿ, ಅವುಗಳ ಅಂಗಗಳನ್ನು ಹೊಸ ಕಟ್ಟಡಗಳಿಗೆ ಅಳವಡಿಸಿತು. ಹೀಗೆ ರೂಪುಗೊಂಡದ್ದನ್ನು ಸರ್ಬಿಯನ್–ಬೈಜಾಂಟಿಯನ್ ಶೈಲಿ ಎನ್ನುತ್ತಾರೆ.

ಇದೇ ಹೊತ್ತಿಗೆ ರಷ್ಯಾದಲ್ಲೂ ಬೈಜಾಂಟಿಯಮ್ಮಿನ ಕಡೆಗೆ ಮುಖ ತಿರುಗಿತ್ತು. ಅಲ್ಲಿನ ಅಕಾಡೆಮಿಗಳಲ್ಲಿ ಆ ಶೈಲಿಯನ್ನು ಕಲಿಸುತ್ತಿದ್ದರು; 1913ರಲ್ಲಿ ಕ್ರೋನ್‌ಸ್ಟಾಟ್ ಬಂದರಿನಲ್ಲಿ ವಾಸಿಲಿ ಕೊಸ್ಯಾಕೊವ್ ಮುಗಿಸಿದ ನೌಕಾಪಡೆಯ ಚರ್ಚು ಹಾಗಿಯಾ ಸೋಫಿಯಾವನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದ್ದು. ಎರಡು ದೇಶಗಳ ವಾಸ್ತುಶಿಲ್ಪಿಗಳು ಪರಸ್ಪರ ಭೇಟಿಯಾಗುವ ಮೊದಲೇ ಒಂದೇ ಪಾಠ ಓದಿಕೊಂಡಿದ್ದರು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಆ ವೇಳೆಗೆ ಯುದ್ಧದ ನಂಟೂ ಬೆಳೆದಿತ್ತು. 1876ರಲ್ಲಿ ಒಟ್ಟೊಮನ್ನರ ವಿರುದ್ಧ ಸರ್ಬಿಯಾದ ಪರ ಹೋರಾಡಲು ಬಂದ ರಷ್ಯಾದ ಸ್ವಯಂಸೇವಕರು ಅಲೆಕ್ಸಾಂಡರ್ ನೆವ್‌ಸ್ಕಿ ಎಂಬ ರಷ್ಯನ್ ಸಂತನ ಹೆಸರಿನ ಒಂದು ಗುಡಾರದ ಚರ್ಚನ್ನು ಜೊತೆಗೆ ತಂದಿದ್ದರು. ಆ ಹೆಸರು ಬೆಲ್‌ಗ್ರೇಡಿನಲ್ಲಿ ಉಳಿಯಿತು. ಅದೇ ಸಂತನ ಹೆಸರಿನ ಈಗಿನ ಕಟ್ಟಡ 1912ರಲ್ಲಿ ಆರಂಭವಾಗಿ ಯುದ್ಧಗಳ ನಡುವೆ ನಿಂತು 1929ರಲ್ಲಿ ಮುಗಿಯಿತು. ಅದರ ನಕ್ಷೆ ಸರ್ಬಿಯಾದ ಮೊದಲ ಮಹಿಳಾ ವಾಸ್ತುಶಿಲ್ಪಿ ಯೆಲಿಸಾವೆತಾ ನಾಚಿಚ್ ಅವರದು. ಸಂತ ರಷ್ಯಾದವನಾದರೂ ರೂಪ ಮೊರಾವಾ ಕಣಿವೆಯದು.

ನಿರಾಶ್ರಿತರಾಗಿ ಬಂದ ವಾಸ್ತುಶಿಲ್ಪಿಗಳು

1917ರ ಕ್ರಾಂತಿ ಮತ್ತು ಅದರ ನಂತರದ ಅಂತರ್ಯುದ್ಧದಲ್ಲಿ ಸೋತವರ ಪಾಳೆಯದಿಂದ ಹತ್ತಾರು ಸಾವಿರ ಜನ ಸರ್ಬಿಯಾವನ್ನೊಳಗೊಂಡ ಹೊಸ ಯುಗೊಸ್ಲಾವ್ ರಾಜ್ಯಕ್ಕೆ ಬಂದರು. ದೊರೆ ಅಲೆಕ್ಸಾಂಡರ್ ರಷ್ಯಾದಲ್ಲಿ ಓದಿದವನು, ಅವರನ್ನು ಆದರದಿಂದ ಬರಮಾಡಿಕೊಂಡ. ಮೊದಲ ಮಹಾಯುದ್ಧದಲ್ಲಿ ನೆಲಕಚ್ಚಿದ್ದ ದೇಶಕ್ಕೆ ಎಂಜಿನಿಯರು, ವೈದ್ಯ, ಪ್ರಾಧ್ಯಾಪಕರ ಕೊರತೆ ವಿಪರೀತವಾಗಿತ್ತು; ಬಂದವರಲ್ಲಿ ಇವರೇ ಬಹಳವಿದ್ದರು. ಕಟ್ಟಡಗಳ ಸಚಿವಾಲಯದ ವಾಸ್ತುಶಿಲ್ಪ ವಿಭಾಗದಲ್ಲಿ ರಷ್ಯನ್ನರ ಒಂದು ದೊಡ್ಡ ಗುಂಪೇ ಸೇರಿಕೊಂಡಿತು.

ಅವರಲ್ಲಿ ಹೆಚ್ಚು ಹೆಸರಾದವರು ನಿಕೊಲಾಯ್ ಕ್ರಾಸ್ನೊವ್. ಯಾಲ್ಟಾದಲ್ಲಿ ರಷ್ಯಾದ ಚಕ್ರವರ್ತಿ (ಝಾರ್) ಎರಡನೆಯ ನಿಕೊಲಾಯ್‌ಗಾಗಿ 1911ರಲ್ಲಿ ಲಿವಾದಿಯಾ ಅರಮನೆಯನ್ನು ಕಟ್ಟಿದವರು ಇವರೇ. 1945ರಲ್ಲಿ ರೂಸ್ವೆಲ್ಟ್, ಚರ್ಚಿಲ್, ಸ್ಟಾಲಿನ್ ಸಭೆ ಸೇರಿದ್ದು ಆ ಅರಮನೆಯಲ್ಲಿ. 1922ರಲ್ಲಿ ಬೆಲ್‌ಗ್ರೇಡಿಗೆ ಬಂದ ಕ್ರಾಸ್ನೊವ್ 1939ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದು ಸಚಿವಾಲಯದ ಕೆಲಸ ಮಾಡಿದರು. ಯುದ್ಧದಲ್ಲಿ ಹಾಳಾಗಿದ್ದ, ಬೆಲ್‌ಗ್ರೇಡಿನ ಕಾಲೆಮೆಗ್ದಾನ್ ಕೋಟೆಯ ರುಝಿಟ್ಸಾ ಎಂಬ ಪುಟ್ಟ ಚರ್ಚು 1925ರಲ್ಲಿ ಮತ್ತೆ ಎದ್ದದ್ದು ಅವರ ನಕ್ಷೆಯಂತೆ. ಅಲ್ಲಿನ ತೂಗುದೀಪಗಳನ್ನು ಸಿಡಿದ ಗುಂಡುಗಳ ಖಾಲಿ ಕೊಳವೆಗಳಿಂದ ಮಾಡಿದ್ದಾರೆ. ಗೋಡೆಯ ಚಿತ್ರಗಳು ಆಂದ್ರೇಯ್ ಬಿಟ್ಸೆಂಕೊ ಎಂಬ ಇನ್ನೊಬ್ಬ ರಷ್ಯನ್ ನಿರಾಶ್ರಿತನವು. ವಾಸಿಲಿ ಆಂದ್ರೊಸೊವ್ ಊರೂರಿನ ಚರ್ಚುಗಳಿಗೆ ನಕ್ಷೆ ಬರೆದರು; ದಕ್ಷಿಣ ಸರ್ಬಿಯಾದ ಲೆಸ್ಕೊವಾಟ್ಸ್ ಪಟ್ಟಣದ ಪ್ರಧಾನ ಚರ್ಚು ಅವರದು, ಮಾದರಿ ಗ್ರಾಚಾನಿಟ್ಸಾ. ಸರ್ಬಿಯಾದ ಧರ್ಮಸಭೆಯ ಕೇಂದ್ರ ಕಚೇರಿಯಾದ ಪಿತೃಪೀಠದ ಭವನವನ್ನು 1930ರ ದಶಕದಲ್ಲಿ ರೂಪಿಸಿದವರೂ ರಷ್ಯನ್ನರೇ, ವಿಕ್ತೊರ್ ಲುಕೊಮ್‌ಸ್ಕಿ.

ಒಪ್ಲೆನಾಟ್ಸ್ ಎಂಬಲ್ಲಿರುವ ರಾಜಮನೆತನದ ಸಮಾಧಿ ಚರ್ಚಿನಲ್ಲಿ ಈ ಕೂಡುಕೆಲಸ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಕಟ್ಟಡ ಮಹಾಯುದ್ಧಕ್ಕಿಂತ ಮೊದಲಿನದು, ಸರ್ಬಿಯಾದ ಕೋಸ್ತಾ ಯೊವಾನೊವಿಚ್ ಅವರ ವಿನ್ಯಾಸ. ಯುದ್ಧದ ನಂತರ ಒಳಗೋಡೆಗಳಿಗೆಲ್ಲ ಮೊಸಾಯಿಕ್ ಹಾಕಿಸಲು ದೊರೆ ನಿರ್ಧರಿಸಿದಾಗ, ಹೊಸ ಚಿತ್ರಗಳನ್ನು ಕಲ್ಪಿಸುವ ಬದಲು ಸುಮಾರು 60 ಹಳೆಯ ಸರ್ಬಿಯನ್ ಚರ್ಚುಗಳ ಭಿತ್ತಿಚಿತ್ರಗಳನ್ನು ಪ್ರತಿಮಾಡಿಸಿ ಒಂದೆಡೆ ತರುವುದೆಂದು ತೀರ್ಮಾನವಾಯಿತು. ರಷ್ಯನ್ ನಿರಾಶ್ರಿತ ಚಿತ್ರಕಾರರು ದೂರದ ಮಠಗಳಿಗೆ ಹೋಗಿ ಮಸುಕಾದ ಚಿತ್ರಗಳನ್ನು ಪ್ರತಿಮಾಡಿ ತಂದರು. ವಾಸ್ತುಶಿಲ್ಪಿ ಸೆರ್ಗೇಯ್ ಸ್ಮಿರ್ನೊವ್ ಆ ಕೆಲಸದ ಮೇಲ್ವಿಚಾರಣೆ ನಡೆಸಿದರು. ಬರ್ಲಿನ್ನಿನ ಒಂದು ಹೆಸರಾಂತ ಕಾರ್ಯಾಗಾರ ಅವನ್ನು ಗಾಜಿನ ಹರಳುಗಳಲ್ಲಿ ಜೋಡಿಸಿತು. ಒಟ್ಟು ಸುಮಾರು 3500 ಚದರ ಮೀಟರಿನಷ್ಟು ಮೊಸಾಯಿಕ್. ಮುಂದೆ ಹಾಳಾದ ಕೆಲವು ಹಳೆಯ ಚಿತ್ರಗಳು ಆಗ ಹೇಗಿದ್ದವೆಂದು ಇಲ್ಲಿನ ಪ್ರತಿಗಳಿಂದ ತಿಳಿಯುತ್ತದೆ.

ವಿದ್ವತ್ತಿನ ಕೊಡುಗೆಯೂ ಇತ್ತು. ಈಗ ಉತ್ತರ ಮ್ಯಾಸಿಡೋನಿಯಾದಲ್ಲಿರುವ ನೆರೆಜಿ ಚರ್ಚಿನ 12ನೆಯ ಶತಮಾನದ ಅಸಾಧಾರಣ ಚಿತ್ರಗಳು ನಂತರದ ಕಾಲದ ಲೇಪನದಡಿ ಮುಚ್ಚಿಹೋಗಿದ್ದವು. 1920ರ ದಶಕದಲ್ಲಿ ಅವನ್ನು ಬೆಳಕಿಗೆ ತಂದವರು ರಷ್ಯಾದಿಂದ ಬಂದ ಕಲಾ ಇತಿಹಾಸಕಾರ ನಿಕೊಲಾಯ್ ಒಕುನೆವ್.

ಅವರು ಸರ್ಬಿಯನ್ ರೂಪದಲ್ಲೇ ಏಕೆ ಕಟ್ಟಿದರು

ಇಷ್ಟು ರಷ್ಯನ್ನರು ದುಡಿದಿದ್ದರೂ ಸರ್ಬಿಯಾದ ಊರುಗಳ ತುಂಬ ಈರುಳ್ಳಿ ಗುಮ್ಮಟಗಳು ಏಳಲಿಲ್ಲ. ಕಾರಣಗಳು ಮೂರು ಎಂದು ನನಗೆ ತೋರುತ್ತದೆ. ಅವರು ಸರ್ಕಾರಿ ನೌಕರರು; ದೊರೆಗೂ ಧರ್ಮಸಭೆಗೂ ಬೇಕಿದ್ದದ್ದು ಮಧ್ಯಯುಗದ ಸರ್ಬಿಯಾವನ್ನು ನೆನಪಿಸುವ ಕಟ್ಟಡಗಳು. ಆಗಲೇ ಹೇಳಿದಂತೆ ಬೈಜಾಂಟಿಯಮ್ ಶೈಲಿಯ ತರಬೇತಿ ಅವರಿಗೆ ರಷ್ಯಾದಲ್ಲೇ ಆಗಿತ್ತು, ಆದ್ದರಿಂದ ಗ್ರಾಚಾನಿಟ್ಸಾದ ನಕ್ಷೆಯನ್ನು ಓದಿ ತಮ್ಮದಾಗಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಮೂರನೆಯದು, ತಮ್ಮ ಶೈಲಿಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ತಮ್ಮವರಿಗಾಗಿ ಕಟ್ಟುವಾಗ ಅದನ್ನೇ ಬಳಸುತ್ತಿದ್ದರು.

ಈ ಮೂರನೆಯ ಕಾರಣಕ್ಕೆ ಬೆಲ್‌ಗ್ರೇಡಿನ ಹೊಸ ಸ್ಮಶಾನದಲ್ಲಿರುವ ಐವೆರಾನ್ ಮಾತೆ ಎಂದು ಕರೆಯುವ ಮೇರಿಯ ಗುಡಿಗಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಮಾಸ್ಕೋದ ಕೆಂಪು ಚೌಕದ ಬಾಗಿಲಲ್ಲಿದ್ದ ಅದೇ ಹೆಸರಿನ ಗುಡಿಯನ್ನು ಸೋವಿಯತ್ ಸರ್ಕಾರ 1929ರಲ್ಲಿ ಕೆಡವಿತು. ಎರಡೇ ವರ್ಷದಲ್ಲಿ, 1931ರಲ್ಲಿ, ವಾಲೆರಿ ಸ್ತಾಶೆವ್‌ಸ್ಕಿ ಅದರ ಪ್ರತಿರೂಪವನ್ನು ಬೆಲ್‌ಗ್ರೇಡಿನ ರಷ್ಯನ್ ಸಮಾಧಿಗಳ ನಡುವೆ ನಿಲ್ಲಿಸಿದರು. ಮಾಸ್ಕೋದಲ್ಲಿ ಮೂಲಗುಡಿ ಮತ್ತೆ ಕಟ್ಟಲ್ಪಟ್ಟದ್ದು ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1990ರ ದಶಕದಲ್ಲಿ. ನಡುವಿನ ಆರು ದಶಕ ಅದರ ರೂಪ ಕಲ್ಲುಗಾರೆಯಲ್ಲಿ ಉಳಿದಿದ್ದದ್ದು ಸರ್ಬಿಯಾದಲ್ಲಿ.

ಸಂತ ಸಾವಾ ಚರ್ಚು: ನಕ್ಷೆಯಿಂದ ಗುಮ್ಮಟದವರೆಗೆ

ಒಟ್ಟೊಮನ್ ಸೇನಾಪತಿ ಸಿನಾನ್ ಪಾಶಾ 16ನೆಯ ಶತಮಾನದ ಕೊನೆಯಲ್ಲಿ ಸಾವಾನ ಅಸ್ಥಿಗಳನ್ನು ವ್ರಾಚಾರ್‌ನಲ್ಲಿ ಸುಡಿಸಿದನೆಂಬುದು ಸರ್ಬಿಯನ್ನರ ನೆನಪು. ಆ ಜಾಗದಲ್ಲಿ ಚರ್ಚು ಕಟ್ಟಲು 1895ರಲ್ಲಿ ಒಂದು ಸಂಘ ಹುಟ್ಟಿತು. 1926ರಲ್ಲಿ ಕರೆದ ಸ್ಪರ್ಧೆಯಲ್ಲಿ ಯಾರಿಗೂ ಮೊದಲ ಬಹುಮಾನ ಸಿಗಲಿಲ್ಲ. ಕೊನೆಗೆ ಬೊಗ್ದಾನ್ ನೆಸ್ತೊರೊವಿಚ್ ಮತ್ತು ಅಲೆಕ್ಸಾಂದರ್ ದೆರೊಕೊ ಎಂಬ ಇಬ್ಬರು ಸರ್ಬಿಯನ್ ವಾಸ್ತುಶಿಲ್ಪಿಗಳ ಕಲ್ಪನೆಗಳನ್ನು ಸೇರಿಸಿ ನಕ್ಷೆ ಸಿದ್ಧವಾಯಿತು. ನಡುವೆ ಒಂದು ದೊಡ್ಡ ಗುಮ್ಮಟ, ನಾಲ್ಕು ಬದಿಗೆ ಅರೆಗುಮ್ಮಟಗಳು, ಮೂಲೆಗಳಲ್ಲಿ ಗಂಟೆಗೋಪುರಗಳು. ಹಾಗಿಯಾ ಸೋಫಿಯಾದ ನೆರಳು ಇಲ್ಲಿ ಎದ್ದು ಕಾಣುತ್ತದೆ. 1935ರಲ್ಲಿ ಶುರುವಾದ ಕೆಲಸ 1941ರಲ್ಲಿ ಜರ್ಮನ್ ದಾಳಿಯಿಂದ ನಿಂತಿತು. ಕಮ್ಯುನಿಸ್ಟ್ ಸರ್ಕಾರ 1984ರವರೆಗೂ ಅನುಮತಿ ಕೊಡಲಿಲ್ಲ. 1985ರಲ್ಲಿ ಬ್ರಾಂಕೊ ಪೆಶಿಚ್ ಹೊಣೆ ಹೊತ್ತು ಕಾಂಕ್ರೀಟಿನಲ್ಲಿ ಮುಂದುವರಿಸಿದರು. ಸುಮಾರು 4000 ಟನ್ನಿನ ಗುಮ್ಮಟವನ್ನು ನೆಲದ ಮೇಲೆಯೇ ಕಟ್ಟಿ, 1989ರಲ್ಲಿ ಹೈಡ್ರಾಲಿಕ್ ಜ್ಯಾಕ್‌ಗಳಿಂದ ಹಲವು ವಾರಗಳ ಕಾಲ ಇಂಚಿಂಚಾಗಿ ಮೇಲೆತ್ತಿ ಕೂರಿಸಿದರು. ಇಲ್ಲಿಯವರೆಗೆ ಕೆಲಸ ಸರ್ಬಿಯನ್ನರದೇ. ಆದರೆ ಯುಗೊಸ್ಲಾವಿಯಾ ಒಡೆದು ಯುದ್ಧಗಳೂ ಆರ್ಥಿಕ ದಿಗ್ಬಂಧನವೂ ಬಂದು, ಒಳಗಿನ ಕಾಂಕ್ರೀಟು ವರ್ಷಗಟ್ಟಲೆ ಬರಿಮೈಯಲ್ಲೇ ಉಳಿಯಿತು.

ಮಾಸ್ಕೋದಿಂದ ಬಂದ ಮೊಸಾಯಿಕ್

ಒಳಾಲಂಕಾರವನ್ನು ರಷ್ಯಾ ಉಡುಗೊರೆಯಾಗಿ ಕೊಡಲು ಮುಂದಾದದ್ದು ಈ ಹಿನ್ನೆಲೆಯಲ್ಲಿ. ಹಣ ಒದಗಿಸಿದ ಗ್ಯಾಸ್‌ಪ್ರೋಮ್ ನೆಫ್ಟ್ ಸರ್ಬಿಯಾದ ತೈಲ ಸಂಸ್ಥೆಯಲ್ಲಿ ಬಹುಪಾಲು ಷೇರು ಪಡೆದಿತ್ತು ಎಂಬುದನ್ನು ಮರೆಯುವಂತಿಲ್ಲ. ಇದನ್ನು ಸೋದರಧರ್ಮದ ನೆರವು ಎನ್ನುವವರೂ ಪ್ರಭಾವ ಬೆಳೆಸುವ ದಾರಿ ಎನ್ನುವವರೂ ಸರ್ಬಿಯಾದಲ್ಲೇ ಇದ್ದಾರೆ. ವಿನ್ಯಾಸದ ಹೊಣೆ ಸ್ಪರ್ಧೆಯ ಮೂಲಕ ಯಾರೊಸ್ಲಾವ್ಲ್ ನಗರದ ಚಿತ್ರಕಾರ ನಿಕೊಲಾಯ್ ಮುಖಿನ್ ಅವರಿಗೆ ಬಂತು. ಕೆಲಸ ರಷ್ಯಾದ ಕಲಾ ಅಕಾಡೆಮಿಯ ಆಶ್ರಯದಲ್ಲಿ ನಡೆಯಿತು.

ಇಂಥ ಮೊಸಾಯಿಕ್‌ನ ಹರಳುಗಳಿಗೆ ಸ್ಮಾಲ್ಟ್ ಎನ್ನುತ್ತಾರೆ. ಲೋಹದ ಲವಣಗಳನ್ನು ಬೆರೆಸಿ ಕರಗಿಸಿದ ಬಣ್ಣದ ಗಾಜನ್ನು ಬಿಲ್ಲೆಗಳಾಗಿ ಎರೆದು, ಚಿಕ್ಕಚಿಕ್ಕ ತುಂಡುಗಳಾಗಿ ಒಡೆಯುತ್ತಾರೆ. ಬಂಗಾರದ ಹರಳಿಗೆ ಎರಡು ಗಾಜಿನ ಪದರಗಳ ನಡುವೆ ಚಿನ್ನದ ತೆಳು ಹಾಳೆಯನ್ನು ಸೇರಿಸುತ್ತಾರೆ. ಹರಳುಗಳ ಮೇಲ್ಮೈ ಸಮತಟ್ಟಾಗಿರದ ಕಾರಣ ಬೆಳಕು ಚಲಿಸಿದಂತೆಲ್ಲ ಗೋಡೆಯೂ ಮಿನುಗುತ್ತದೆ. ಸಾಮಾನ್ಯ ಬಣ್ಣದ ಚಿತ್ರಕ್ಕೆ ಈ ಗುಣವಿಲ್ಲ.

ಸಂತ ಸಾವಾದ ಗುಮ್ಮಟಕ್ಕಾಗಿ ಮೊದಲು ಕರಡುಚಿತ್ರ ಸಿದ್ಧವಾಗಿ ಸರ್ಬಿಯಾದ ಧರ್ಮಸಭೆಯ ಒಪ್ಪಿಗೆ ಪಡೆಯಿತು. ಬಳಿಕ ಅದನ್ನು ನಿಜವಾದ ಅಳತೆಗೆ ಹಿಗ್ಗಿಸಿ, ಮಾಸ್ಕೋದ ಕಾರ್ಯಾಗಾರದಲ್ಲಿ ಭಾಗಭಾಗವಾಗಿ ಹರಳು ಜೋಡಿಸಿ, ಆ ಭಾಗಗಳನ್ನು ಬೆಲ್‌ಗ್ರೇಡಿಗೆ ಸಾಗಿಸಿ ಗುಮ್ಮಟದ ಒಳಮೈಗೆ ಕೂರಿಸಿದರು. ಬಾಗಿದ ಮೇಲ್ಮೈಯಲ್ಲಿ ಬರೆದ ಮುಖ ಕೆಳಗಿನಿಂದ ನೋಡುವವರಿಗೆ ಕುಗ್ಗಿ ಕಾಣುವುದರಿಂದ, ಎಷ್ಟು ಹಿಗ್ಗಿಸಿ ಬರೆಯಬೇಕೆಂಬ ಲೆಕ್ಕವನ್ನು ನಕ್ಷೆಯ ಹಂತದಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ಕಟ್ಟಡದ ಅಳತೆ ಮತ್ತು ಚಿತ್ರದ ಅಳತೆ ಬೇರೆಬೇರೆ ದೇಶಗಳಲ್ಲಿದ್ದಾಗ ಇದು ಸಣ್ಣ ಕೆಲಸವಲ್ಲ. 2018ರ ಫೆಬ್ರುವರಿಯಲ್ಲಿ ಗುಮ್ಮಟದ ಚಿತ್ರವನ್ನು ರಷ್ಯಾದ ವಿದೇಶಾಂಗ ಸಚಿವರ ಸಮ್ಮುಖದಲ್ಲಿ ಸಾರ್ವಜನಿಕರಿಗೆ ತೋರಿಸಿದರು. ಉಳಿದ ಗೋಡೆಗಳ ಕೆಲಸದಲ್ಲಿ ಸರ್ಬಿಯಾದ ಕಲಾವಿದರೂ ರಷ್ಯನ್ನರ ಜೊತೆ ಸೇರಿದರು. 2020ರ ಹೊತ್ತಿಗೆ ಅದರ ಬಹುಭಾಗ ಮುಗಿದಿತ್ತು.

ಒಪ್ಲೆನಾಟ್ಸ್‌ನಲ್ಲಿ ಕಂಡ ಕ್ರಮವೇ ಇಲ್ಲಿಯೂ ಕಾಣುತ್ತದೆ. ಕಟ್ಟಡದ ರೂಪ ಸರ್ಬಿಯನ್ನರದು, ಚಿತ್ರದ ಕ್ರಮ ಇಬ್ಬರಿಗೂ ಸೇರಿದ ಬೈಜಾಂಟಿಯಮ್ಮಿನದು, ಹರಳು ಹಿಡಿದ ಕೈ ರಷ್ಯಾದ್ದು. ದೊಡ್ಡ ವ್ಯತ್ಯಾಸವೆಂದರೆ, ಅಂದು ದುಡಿದವರು ಹಿಂದಿರುಗಲು ದೇಶವಿಲ್ಲದ ನಿರಾಶ್ರಿತರು, ಹಣ ಸರ್ಬಿಯಾದ ದೊರೆಯದು; ಇಂದು ಕಲಾವಿದರ ಬೆನ್ನ ಹಿಂದೆ ಒಂದು ಪ್ರಬಲ ಸರ್ಕಾರವೂ ಅದರ ಹಣವೂ ಇದ್ದವು.

ಬೆಲ್‌ಗ್ರೇಡಿಗೆ ಹೋಗುವವರು ಎರಡು ಶೈಲಿಗಳ ಅಂತರವನ್ನು ಕಣ್ಣಾರೆ ಕಾಣಬೇಕೆಂದರೆ ತಾಶ್‌ಮೈದಾನ್ ಉದ್ಯಾನಕ್ಕೆ ಹೋಗಬೇಕು. ಅಲ್ಲಿ ಕ್ರ್‌ಸ್ತಿಚ್ ಸೋದರರು 1930ರ ದಶಕದಲ್ಲಿ ಗ್ರಾಚಾನಿಟ್ಸಾದ ಮಾದರಿಯಲ್ಲಿ ಕಟ್ಟಿದ ಸಂತ ಮಾರ್ಕನ ಚರ್ಚು ಪಟ್ಟೆಪಟ್ಟೆಯಾಗಿ ಎತ್ತರಕ್ಕೆ ನಿಂತಿದೆ. ಅದರ ಪಕ್ಕದಲ್ಲೇ ನಿರಾಶ್ರಿತ ರಷ್ಯನ್ನರು 1924ರಲ್ಲಿ ತಮಗಾಗಿ ಕಟ್ಟಿಕೊಂಡ, ಸ್ತಾಶೆವ್‌ಸ್ಕಿ ವಿನ್ಯಾಸದ ಬಿಳಿಯ ಪವಿತ್ರ ತ್ರಿತ್ವ ಚರ್ಚಿದೆ. ಅಂತರ್ಯುದ್ಧದಲ್ಲಿ ಸೋತ ಪಕ್ಷದ ಸೇನಾಪತಿ ವ್ರಾಂಗೆಲ್‌ನ ಸಮಾಧಿ ಈ ಎರಡನೆಯದರ ಒಳಗಿದೆ. 1999ರಲ್ಲಿ ಪಕ್ಕದ ದೂರದರ್ಶನ ಕಟ್ಟಡದ ಮೇಲೆ ನೇಟೊ ಬಾಂಬು ಹಾಕಿದಾಗ ಅದಕ್ಕೆ ಪೆಟ್ಟು ಬಿದ್ದಿತ್ತು, ನಂತರ ದುರಸ್ತಿಯಾಗಿದೆ.